ಶನಿವಾರದ ನಾಯಿ

ಶಿವಮೂರ್ತಪ್ಪನವರ ಮಂಡಕ್ಕಿ ಭಟ್ಟಿಯ ಹಿಂದೆ, ಹೊಗೆ ಕೊಳವೆಯ ಬುಡದಲ್ಲಿ, ಒಂದು ನಾಯಿಯನ್ನು ಎರಡು ಮೊಳದ ಸರಪಳಿಯಲ್ಲಿ ಎರಡು ವರ್ಷ ಕಟ್ಟಿಹಾಕಿದ್ದರು. ಅದಕ್ಕೆ ಶನಿವಾರ ಮಾತ್ರ ರೊಟ್ಟಿ ಹಾಕುತ್ತಿದ್ದರು.

ಸಾವ್ಕಾರರಿಗೆ ಸಾಡೇಸಾತಿ ನಡೆಯುತ್ತಿತ್ತು. ಒಂದು ಬಿಳಿ ಕೂದಲೂ ಇಲ್ಲದ ಕರಿ ನಾಯಿಗೆ ಪ್ರತಿ ಶನಿವಾರ ಎಳ್ಳೆಣ್ಣೆ ಸವರಿದ ಜೋಳದ ರೊಟ್ಟಿಯನ್ನು ಕೈಯಾರೆ ಹಾಕಬೇಕೆಂದು ಮಲೆಬೆನ್ನೂರಿನ ಜ್ಯೋತಿಷಿಯೊಬ್ಬ ಹೇಳಿದ್ದ. ಉಳಿದ ಆರು ದಿನಗಳ ಬಗ್ಗೆ ಅವನು ಏನೂ ಹೇಳಿರಲಿಲ್ಲ. ಹೇಳದೇ ಇದ್ದದ್ದನ್ನು ಮಾಡುವ ಅಭ್ಯಾಸ ಶಿವಮೂರ್ತಪ್ಪನವರಿಗೆ ಇರಲಿಲ್ಲ. ಭಟ್ಟಿಯ ಹಿಂದೆಯೇ ಹುಟ್ಟಿ ಅಲ್ಲೇ ಹೊರಳಾಡಿಕೊಂಡಿದ್ದ ಒಂದು ಮರಿಯನ್ನು ಹಿಡಿದು, ಕರಿಯ ಎಂದು ಹೆಸರಿಟ್ಟು ಕಟ್ಟಿಸಿದರು. ಶನಿದೇವರ ಕೆಲಸ ಅಲ್ಲಿಗೆ ಮುಗಿಯಿತು.

ಉಳಿದ ಆರು ದಿನ ಕರಿಯನನ್ನು ಸಾಕಿದವನು ಮಕ್ತುಮ್ ಸಾಬ್. ಅದೇ ಭಟ್ಟಿಯಲ್ಲಿ ಇಪ್ಪತ್ತು ವರ್ಷದಿಂದ ಕಾದ ಮರಳಿನ ಬಾಣಲೆಯ ಮುಂದೆ ನಿಂತು ಮಂಡಕ್ಕಿ ಹುರಿಯುವ ಆಳು. ಮನೆಯೂ ಭಟ್ಟಿಯ ಎದುರಿನ ಸಾಲಿನಲ್ಲೇ, ದಾವಣಗೆರೆಯ ಆವರಗೆರೆ ಕಡೆಯ ಓಣಿಯಲ್ಲಿ. ಮಧ್ಯಾಹ್ನದ ಬುತ್ತಿಯಲ್ಲಿ ಅರ್ಧ ರೊಟ್ಟಿ ನಾಯಿಗೆ ಹೋಗುತ್ತಿತ್ತು. ಆರು ದಿನ ಹಸಿದರೂ ನಾಯಿ ಸಾಯದಿರುವುದನ್ನು ಕಂಡ ಸಾವ್ಕಾರರು ಶನಿ ಒಲಿಯುತ್ತಿದ್ದಾನೆ ಎಂದುಕೊಂಡಿದ್ದರು.

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಬೇಸಿಗೆ. ಸಾವ್ಕಾರರ ಅಣ್ಣನ ಮಗಳ ಮದುವೆ ಮಲೆಬೆನ್ನೂರಿನಲ್ಲಿ. ಶುಕ್ರವಾರವೇ ಭಟ್ಟಿಗೆ ಬೀಗ ಜಡಿದು ಮನೆಮಂದಿಯೆಲ್ಲ ಹೋದರು. ತಪ್ಪಿದ ಶನಿವಾರಕ್ಕೆ ಮುಂದಿನ ವಾರ ಎರಡು ರೊಟ್ಟಿ ಎಂದು ಸಾವ್ಕಾರರು ಲೆಕ್ಕ ಹಾಕಿದ್ದರು. ಗೇಟು ಮುಚ್ಚಿದ್ದರಿಂದ ಮಕ್ತುಮ್ ಸಾಬ್ ಶನಿವಾರ ಕಾಂಪೌಂಡಿನ ಮೇಲಿಂದ ರೊಟ್ಟಿ ಎಸೆದ. ಭಾನುವಾರ ಬೆಳಿಗ್ಗೆ ಗೋಡೆ ಹತ್ತಿ ನೋಡಿದರೆ ಎಸೆದ ರೊಟ್ಟಿ ಬಿದ್ದ ಜಾಗದಲ್ಲೇ ಇತ್ತು. ಸರಪಳಿ ಮುಗಿಯುವ ಜಾಗದಿಂದ ನಾಲ್ಕು ಬೆರಳು ಆಚೆ. ರೊಟ್ಟಿಯ ತುಂಬ ಇರುವೆ. ಕುತ್ತಿಗೆಯ ಬೆಲ್ಟು ಚರ್ಮದೊಳಗೆ ಇಳಿಯುವಷ್ಟು ಜಗ್ಗಿ, ನಾಲಿಗೆ ಚಾಚಿಕೊಂಡು, ಕರಿಯ ಆ ನಾಲ್ಕು ಬೆರಳನ್ನೇ ನೋಡುತ್ತ ಬಿದ್ದಿತ್ತು.

ಮಕ್ತುಮ್ ಸಾಬ್ ಗೋಡೆಯಿಂದಿಳಿದು ಮನೆಗೆ ಬಂದು ಹೆಂಡತಿಗೆ ಹೇಳಿದ: “ಇವತ್ತು ಅದನ್ನ ಬಿಡಿಸ್ತೀನಿ.”

ಖೈರುನ್ನೀಸಾ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಬಿಡಿಸ್ರಿ. ಆದ್ರೆ ಹೊಸ್ತಿಲು ದಾಟಿ ಒಳಗೆ ತರಬ್ಯಾಡ್ರಿ. ಇರೋದೊಂದೇ ಕೋಣೆ, ನಮಾಜೂ ಅಲ್ಲೇ ಆಗ್ಬೇಕು. ಹರಿಹರದಾಗೆ ನಮ್ಮ ತಮ್ಮ ಕುತುಬುದ್ದೀನ ಹೊಳೆದಂಡಿ ತೋಟಕ್ಕೆ ಕರೀ ನಾಯಿ ಬೇಕು ಅಂತಿದ್ದ. ಅವನಿಗೆ ಒಪ್ಪಿಸಿ ಬರ್ರಿ.”

“ಕರೀದೇ ಯಾಕಂತೆ?”

“ಕತ್ಲಾಗೆ ಅದು ಬದನೆಕಾಯಿ ಕಳ್ಳರಿಗೆ ಕಾಣಬಾರ್ದಂತೆ.”

ಇದಕ್ಕಿಂತ ಒಳ್ಳೆಯ ಸಂಬಂಧ ಸಿಕ್ಕೀತೇ? ಮಕ್ತುಮ್ ಸಾಬ್ ಗೋಡೆ ಹಾರಿದ. ನೀರು ಕುಡಿಸಿ, ರೊಟ್ಟಿ ತಿನ್ನಿಸಿ, ಬೆಲ್ಟು ಬಿಚ್ಚಿ, ನಾಯಿಯನ್ನು ಒಂದು ಖಾಲಿ ಮಂಡಕ್ಕಿ ಚೀಲಕ್ಕೆ ಇಳಿಸಿದ. ಭಟ್ಟಿಯವನ ತಲೆಯ ಮೇಲೆ ಮಂಡಕ್ಕಿ ಚೀಲ ಇದ್ದರೆ ಯಾರು ಕೇಳುತ್ತಾರೆ ಎಂಬುದು ಅವನ ಲೆಕ್ಕ. ಒಂದು ವಿಷಯ ಅವನಿಗೆ ಹೊಳೆಯಲಿಲ್ಲ. ಆಳೆತ್ತರದ ಮಂಡಕ್ಕಿ ಚೀಲವನ್ನು ಒಂಟಿ ಕೈಯಲ್ಲಿ ಎತ್ತಿಕೊಂಡು ಹಾಡು ಹೇಳುತ್ತ ಹೋಗುವುದನ್ನು ನೋಡಿಯೇ ಬೆಳೆದ ಊರದು. ಅರ್ಧ ಚೀಲ ಹೊತ್ತು ಮೊಣಕಾಲು ಬಾಗಿಸಿ, ಬೆವರು ಸುರಿಸುತ್ತ ಹೋಗುವವನನ್ನು ದಾವಣಗೆರೆ ಅಂದೇ ಮೊದಲು ಕಂಡದ್ದು.

ಓಣಿಯ ತಿರುವಿನಲ್ಲೇ ಬಸವಣ್ಣೆಮ್ಮ ಸಿಕ್ಕಳು. ಒಣಹಾಕಿದ ಸೀರೆಗಳೆಲ್ಲ ಭಟ್ಟಿಯ ಮಸಿಗೆ ಒಂದೇ ಬಣ್ಣವಾಗಿದ್ದರಿಂದ ಅವಳು ಯಾವ ಮನೆಯ ಬಟ್ಟೆಯನ್ನಾದರೂ ತನ್ನದೆಂದು ಎತ್ತಿಕೊಂಡು ಹೋಗುತ್ತಿದ್ದಳು.

“ಯಾಕ ಸಾಬ್ರೆ, ಮಂಡಕ್ಕಿ ಇಷ್ಟು ಭಾರ?”

“ನುಚ್ಚು ಬೆರ್ತೈತೆ, ಬಸವಣ್ಣೆಮ್ಮ.”

“ಎರಡು ಸೇರು ಹಾಕಿ ಹೋಗ್ರಿ ಮತ್ತೆ,” ಎಂದು ಅವಳು ಕೇಳುವುದಕ್ಕೂ ಚೀಲದ ಬಾಯಿಯೊಳಗೆ ಕೈ ಹಾಕುವುದಕ್ಕೂ ಸರಿಹೋಯಿತು. ಒಂದು ಕ್ಷಣ ಅವಳ ಮುಖ ಮಳೆಗೆ ಸಿಕ್ಕ ಹಪ್ಪಳದಂತಾಯಿತು. ನಿಧಾನವಾಗಿ ಕೈ ಹೊರಗೆ ತೆಗೆದು ನೋಡಿಕೊಂಡಳು. “ಬ್ಯಾಡ ಬಿಡ್ರಿ. ಮಂಡಕ್ಕಿ ಒದ್ದೆ ಆಗೈತೆ.”

ಬಸ್ಸಿನಲ್ಲಿ ಕಂಡಕ್ಟರ್ ಚೀಲವನ್ನು ಟಾಪಿಗೆ ಹಾಕು ಎಂದ. ಮಕ್ತುಮ್ ಸಾಬ್ ಚೀಲವನ್ನು ತೊಡೆಯ ಮೇಲೆ ತಬ್ಬಿಕೊಂಡೇ ಕೂತ.

“ಬಿಸ್ಲಿಗೆ ಕೆಡ್ತೈತ್ರಿ.”

“ಬೆಂಕಿಯಾಗೆ ಹುರಿದ ಮಂಡಕ್ಕಿ ಬಿಸ್ಲಿಗೆ ಕೆಡ್ತೈತಾ?”

“ಇದು ಬ್ಯಾರೆ ಥರದ್ದು.”

ಬ್ಯಾರೆ ಥರದ್ದು ಎಂಬುದು ಹರಿಹರದ ಹೊರಗೆ ಖಾತ್ರಿಯಾಯಿತು. ಹಿಂದಿನ ಸೀಟಿನವರು ಮಿರ್ಚಿಯ ಪೊಟ್ಟಣ ಬಿಚ್ಚಿದ ಕೂಡಲೇ ಚೀಲ ಮೊದಲು ಮೂಸಿತು, ಆಮೇಲೆ ಕುಂಯ್‌ಗುಟ್ಟಿತು, ಕಡೆಗೆ ಒಂದು ಕಪ್ಪು ತಲೆಯನ್ನು ಹೊರಹಾಕಿ ಬೊಗಳಿತು. ಕಂಡಕ್ಟರ್ ಸೀಟಿ ಊದಿದ. “ಇಳಿಯಪ್ಪ. ನಿನ್ನ ಮಂಡಕ್ಕಿಗೆ ಕಾಲು ಬಂದವೆ, ನಡೆಸ್ಕೊಂಡು ಹೋಗು.”

ನಡೆಸಿಕೊಂಡೇ ಹೋದ. ಹೊಳೆಯ ಹತ್ತಿರ ಬಂದಾಗ ಅವನಿಗೆ ಅನ್ನಿಸಿತು: ಹೆಣ್ಣು ಕೊಡುವ ಮನೆಯವರು ಹುಡುಗಿಗೆ ಎರೆದು ಕಳಿಸುವುದಿಲ್ಲವೇ? ಕಟ್ಟಿಸಿದವರು ತೊಳೆಯಲಿಲ್ಲ, ಬಿಡಿಸಿದವನಾದರೂ ತೊಳೆಯಬೇಕು. ಅಂಗಡಿಯಲ್ಲಿ ಒಂದು ಬಟ್ಟೆ ಸೋಪು ಕೊಂಡು ತುಂಗಭದ್ರೆಗೆ ಇಳಿದ.

ಮೊದಲ ಸಲ ಉಜ್ಜಿದಾಗ ನೀರು ಕಪ್ಪಾಯಿತು. ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬೈದರು. ಎರಡನೇ ಸಲ ನಾಯಿ ಬೂದಿ ಬಣ್ಣಕ್ಕೆ ಬಂತು. ಮಕ್ತುಮ್ ಸಾಬನಿಗೆ ಗಾಬರಿಯಾಯಿತು. ಬಣ್ಣ ಬಿಡುವ ಲುಂಗಿ ನೋಡಿದ್ದ, ಬಣ್ಣ ಬಿಡುವ ನಾಯಿ ನೋಡಿರಲಿಲ್ಲ. ಮೂರನೇ ಸಲ ಸೋಪು ಸವೆದು ಬೆರಳಷ್ಟಾಗುವ ಹೊತ್ತಿಗೆ, ಹೊಳೆಯಿಂದ ಎದ್ದು ಬಂದು ಮೈ ಝಾಡಿಸಿದ್ದು ಆಗತಾನೇ ಹುರಿದ ಮಂಡಕ್ಕಿಯಷ್ಟು ಬಿಳಿಯ ನಾಯಿ. ಕಪ್ಪಾಗಿ ಉಳಿದದ್ದು ಮೂಗು ಮಾತ್ರ. ಕುತ್ತಿಗೆಯ ಸುತ್ತ ಬೆಲ್ಟು ಕಡಿದ ಗಾಯ ಕೆಂಪು ಬಳೆಯಂತೆ ಎದ್ದು ಕಂಡಿತು. ಮಸಿ ಇಷ್ಟು ದಿನ ಅದನ್ನೂ ಮುಚ್ಚಿಟ್ಟಿತ್ತು.

ಮಕ್ತುಮ್ ಸಾಬ್ ದಂಡೆಯ ಮೇಲೆ ಕೂತು ತನ್ನ ಕೈಗಳನ್ನು ನೋಡಿಕೊಂಡ. ನಾಯಿ ಎರಡು ವರ್ಷ ಆ ಹೊಗೆ ಕುಡಿದಿತ್ತು. ತಾನು ಇಪ್ಪತ್ತು. ತನ್ನ ಒಳಗೆ ಯಾವ ಬಣ್ಣವಿದೆಯೋ ನೋಡೋಣವೆಂದರೆ ಅಲ್ಲಿಗೆ ಸೋಪು ಹೋಗುವಂತಿರಲಿಲ್ಲ.

ತೋಟದಲ್ಲಿ ಕುತುಬುದ್ದೀನ್ ನಾಯಿಯನ್ನು ಸುತ್ತು ಹಾಕಿ ನೋಡಿದ. “ಭಾವ, ನಾ ಕೇಳಿದ್ದು ಕರೀ ನಾಯಿ.”

“ಇದು ಕರೀ ನಾಯೀನೇ ಕಣೋ.”

“ಕಣ್ಣು ತೋರಿಸ್ಕೊಳ್ರಿ ಭಾವ. ಇದನ್ನ ಕತ್ಲಾಗೆ ಬಿಟ್ರೆ ಗ್ಯಾಸ್‌ಲೈಟ್ ಇಟ್ಟಂಗೆ. ಕಳ್ಳರು ಇದರ ಬೆಳಕಿನಾಗೆ ಬದನೆಕಾಯಿ ಆರಿಸ್ಕೊಂಡು ಹೋಗ್ತಾರೆ.”

ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಚಹ ಕುಡಿಸಿ, ಎರಡು ಕೆಜಿ ಬದನೆಕಾಯಿ ಕೊಟ್ಟು, ದಾವಣಗೆರೆಗೆ ಹೊರಟಿದ್ದ ಒಂದು ಟ್ರ್ಯಾಕ್ಟರಿಗೆ ಹತ್ತಿಸಿದ.

ಟ್ರ್ಯಾಕ್ಟರಿನಲ್ಲಿ ಕುಲುಕುತ್ತ ಬರುವಾಗ ಮಕ್ತುಮ್ ಸಾಬನ ತಲೆಯಲ್ಲಿ ಮಿಂಚು ಹೊಡೆಯಿತು. ಕಳೆದದ್ದು ಕರಿ ನಾಯಿ. ತನ್ನ ಜೊತೆ ಇರುವುದು ಬಿಳಿ ನಾಯಿ. ಸಾವ್ಕಾರರು ತಾವು ರೊಟ್ಟಿ ಹಾಕಿದ ನಾಯಿಯ ಮುಖವನ್ನು ಒಂದು ದಿನವೂ ನೋಡಿದವರಲ್ಲ, ನೋಡುತ್ತಿದ್ದದ್ದು ಪಂಚಾಂಗವನ್ನು. ಹರಿಹರದಿಂದ ಭಾಮೈದ ಕೊಟ್ಟ ನಾಯಿ ಎಂದರೆ ಮುಗಿಯಿತು. ರಾಜಾರೋಷವಾಗಿ ಮನೆಯ ಕಟ್ಟೆಯ ಮೇಲೆ ಸಾಕಬಹುದು. ಅವನು ನಾಯಿಯ ಕುತ್ತಿಗೆಗೆ ತನ್ನ ಹೆಗಲ ವಲ್ಲಿ ಸುತ್ತಿ ಗಾಯ ಮುಚ್ಚಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಸಾವ್ಕಾರರಿಗಿಂತ ಜಾಣನಾದೆ ಅನ್ನಿಸಿ ಮೀಸೆಯಡಿಯಲ್ಲಿ ನಕ್ಕ.

ಸಂಜೆ ಓಣಿಗೆ ಬಂದರೆ ಭಟ್ಟಿಯ ಗೇಟಿನ ಮುಂದೆ ಇಡೀ ಓಣಿ ಸೇರಿತ್ತು. ಮದುವೆ ಮುಗಿಸಿ ಬಂದ ಶಿವಮೂರ್ತಪ್ಪನವರು ಜರಿ ರುಮಾಲು ಕೂಡ ಬಿಚ್ಚದೆ, ಖಾಲಿ ಬೆಲ್ಟಿನ ಸರಪಳಿ ಹಿಡಿದು ನಿಂತಿದ್ದರು. ಎದುರಿಗೆ ಕೊಟ್ಟೂರೇಶ್, ಹೊಗೆ ವಿರೋಧಿ ಹೋರಾಟ ಸಮಿತಿಯ ಅಧ್ಯಕ್ಷ. ಭಟ್ಟಿಗೆ ರಾತ್ರಿ ಹಳೇ ಟೈರು ಸುಡುತ್ತಾರೆಂದು ಅವನು ಹೊಸ ಜಿಲ್ಲೆಯ ಎಲ್ಲ ಕಚೇರಿಗಳಿಗೂ ಅರ್ಜಿ ಕೊಟ್ಟಿದ್ದ. ಬತ್ತದ ಹೊಟ್ಟು ಮಾತ್ರ ಉರಿಸುತ್ತೇನೆ ಎಂದು ಸಾವ್ಕಾರರು ಬರೆದುಕೊಟ್ಟಿದ್ದರು. ಇನ್ನು ಹದಿನೈದು ದಿನಕ್ಕೆ ಸಾಹೇಬರೊಬ್ಬರು ತಪಾಸಣೆಗೆ ಬರುವವರಿದ್ದರು.

“ಮಕ್ತುಮಾ, ನಮ್ಮ ಕರಿಯನ್ನ ನೋಡಿದೇನು?”

“ಇಲ್ಲ ಸಾವ್ಕಾರ್ರೆ. ಇದು ನಮ್ಮ ಭಾಮೈದ ಕೊಟ್ಟಿದ್ದು.”

“ಭಾರಿ ಬೆಳ್ಳಗೈತೆ. ಜಾತಿ ನಾಯಿ ಕಂಡಂಗೆ ಕಾಣ್ತೈತೆ,” ಎಂದರು ಸಾವ್ಕಾರರು. ಗೆದ್ದೆ ಎಂದುಕೊಂಡ ಮಕ್ತುಮ್ ಸಾಬ್. ಅಷ್ಟರಲ್ಲಿ ಬಿಳಿ ನಾಯಿ ಮುಂದೆ ಹೋಗಿ ಬಸವಣ್ಣೆಮ್ಮನ ಕೈಯನ್ನು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದು ಸಲ ನೆಕ್ಕಿತು.

ಬಸವಣ್ಣೆಮ್ಮ ಕೈಯನ್ನು ನೋಡಿಕೊಂಡಳು. ನಾಯಿಯನ್ನು ನೋಡಿದಳು. “ಬೆಳಿಗ್ಗೆ ಮಂಡಕ್ಕಿ ಚೀಲದಾಗೆ ಇದ್ದದ್ದು ಇದೇ ನಾಲಿಗೆ,” ಎಂದಳು.

ಕೊಟ್ಟೂರೇಶ್ ವಲ್ಲಿ ಎಳೆದ. ಸಾವ್ಕಾರರು ಬೆಲ್ಟನ್ನು ಗಾಯದ ಹತ್ತಿರ ಹಿಡಿದರು. ಬೀಗಕ್ಕೆ ಕೀಲಿ ಕೂತಂತೆ ಅದು ಗಾಯದ ಮೇಲೆ ಕೂತಿತು. ನಾಯಿ ಬಾಲವನ್ನು ಹೊಟ್ಟೆಯಡಿಗೆ ಎಳೆದುಕೊಂಡಿತು. ಬೇರೆ ಸಾಕ್ಷಿ ಬೇಕಾಗಲಿಲ್ಲ.

ಕಳ್ಳ ಎನ್ನುತ್ತಾರೆ ಎಂದು ಮಕ್ತುಮ್ ಸಾಬ್ ಕಾದ. ಸಾವ್ಕಾರರಿಗೆ ಕಳ್ಳತನದ ನೆನಪೇ ಇರಲಿಲ್ಲ.

“ಬಿಳೀದಾ? ಎರಡು ವರ್ಷ ನಾ ಬಿಳೀ ನಾಯಿಗೆ ರೊಟ್ಟಿ ಹಾಕ್ದೆನಾ? ಅದಕ್ಕೇ ವ್ಯಾಪಾರ ಎದ್ದಿಲ್ಲ.” ಸರಪಳಿಯನ್ನು ಮಕ್ತುಮ್ ಸಾಬನ ಕೈಗೆ ತುರುಕಿದರು. “ಏ, ಇದನ್ನ ಮೊದಲಿದ್ದಲ್ಲೇ ಕಟ್ಟು. ರಾತ್ರಿ ನಾಲ್ಕು ಟೈರು ಜಾಸ್ತಿ ಹಾಕು. ಶನಿವಾರದೊಳಗೆ ಇದು ಮೊದಲಿನಂಗೆ ಕರ್ರಗೆ ಆಗ್ಬೇಕು.”



“ಕೇಳಿದ್ರೇನ್ರಪ್ಪ?” ಎಂದ ಕೊಟ್ಟೂರೇಶ್. “ಟೈರು ಅಂದ್ರು. ಅವರ ಬಾಯಿಂದಲೇ ಬಂತು.”

ಮಕ್ತುಮ್ ಸಾಬನಿಗೆ ಜೀವ ಬಂದಂತಾಯಿತು. ಸಮಿತಿ ತನ್ನ ಕಡೆಗಿದೆ. ನಾಯಿ ಉಳಿಯಿತು. ಆದರೆ ಕೊಟ್ಟೂರೇಶ್ ಹತ್ತಿರ ಬಂದು, ಭುಜದ ಮೇಲೆ ಕೈ ಹಾಕಿ, ಸಭೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: “ಸಾಬ್ರೆ, ಬಾಯಿಮಾತು ಕಚೇರಿಯಾಗೆ ನಿಲ್ಲಲ್ಲ. ಈಗಲೇ ಇದರದೊಂದು ಬಿಳೀ ಫೋಟೋ ತೆಗೆಸ್ತೀವಿ. ನೀವು ಅಲ್ಲೇ ಕಟ್ರಿ. ಹದಿನೈದು ದಿನಕ್ಕೆ ಸಾಹೇಬರು ಬರೋಷ್ಟ್ರಾಗೆ ಕರೀ ಆಗಿರ್ತೈತೆ. ಆ ಫೋಟೋ ಈ ಫೋಟೋ ಪಕ್ಕಪಕ್ಕ ಇಟ್ರೆ ಭಟ್ಟಿಗೆ ಬೀಗ ಖಾತ್ರಿ.”

“ಹೌದ್ರಿ, ಕಟ್ರಿ,” ಎಂದಳು ಬಸವಣ್ಣೆಮ್ಮ. “ಎರಡು ವರ್ಷ ತಡ್ಕೊಂಡೈತೆ, ಹದಿನೈದು ದಿನಕ್ಕೆ ಸಾಯಲ್ಲ. ಓಣಿ ಉದ್ಧಾರ ಆಗೋ ಕೆಲಸ.”

ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡದಿದ್ದ ಭಟ್ಟಿಯವರೂ ಸಮಿತಿಯವರೂ ಹೀಗೆ ಒಂದೇ ಮಾತಿಗೆ ಬಂದರು. ಫೋಟೋ, ಬೀಗದ ಮಾತು ಸಾವ್ಕಾರರ ಕಿವಿಗೇ ಹೋಗಲಿಲ್ಲ, ಅವರ ತಲೆಯಲ್ಲಿ ಇದ್ದದ್ದು ಶನಿವಾರವೊಂದೇ. ಒಬ್ಬರಿಗೆ ಧರ್ಮಕ್ಕೆ ಕರಿ ನಾಯಿ ಬೇಕು, ಇನ್ನೊಬ್ಬರಿಗೆ ನ್ಯಾಯಕ್ಕೆ ಕರಿ ನಾಯಿ ಬೇಕು. ಕಟ್ಟುವ ಕೈ ಮಾತ್ರ ಮಕ್ತುಮ್ ಸಾಬನದೇ ಆಗಬೇಕು.

“ಕಟ್ಟಲ್ಲ ಸಾವ್ಕಾರ್ರೆ,” ಎಂದ ಅವನು.

“ಹಂಗಾದ್ರೆ ನಾಳೆಯಿಂದ ಭಟ್ಟಿ ಕಡೆ ತಲೆ ಹಾಕಬ್ಯಾಡ.”

“ಸಾಬ್ರೆ, ಯೋಚ್ನೆ ಮಾಡ್ರಿ,” ಎಂದ ಕೊಟ್ಟೂರೇಶ್. “ಕಟ್ಟದಿದ್ರೆ ನೀವು ಭಟ್ಟಿಯವರ ಕಡೆಯವರು ಅಂತ ಓಣಿ ತಿಳ್ಕೊಂತೈತೆ.”

“ತಿಳ್ಕೊಳ್ಳಲಿ. ಕಟ್ಟಲ್ಲ.”

ಸರಪಳಿಯನ್ನು ಮಡಿಸಿ, ಇಪ್ಪತ್ತು ವರ್ಷ ಸಂಜೆ ಹೊತ್ತು ಸಾಮಾನು ಒಪ್ಪಿಸಿದ ರೀತಿಯಲ್ಲೇ, ಸಾವ್ಕಾರರ ಕಾಲ ಬಳಿ ಇಟ್ಟ. ಬದನೆಕಾಯಿ ಚೀಲ ಎತ್ತಿಕೊಂಡು ಮನೆಯ ಕಟ್ಟೆಯ ಮೇಲೆ ಹೋಗಿ ಕೂತ. ಬಿಳಿಯ ಕರಿಯ ಅವನ ಕಾಲಿಗೆ ಒರಗಿ ಕೂತಿತು. ಹಿಂದೆ ಸಾವ್ಕಾರರೂ ಕೊಟ್ಟೂರೇಶನೂ ಸೇರಿಕೊಂಡು ಅವನ ಮೊಂಡುತನದ ಬಗ್ಗೆ ಮಾತಾಡುವುದು ಕೇಳುತ್ತಿತ್ತು.

ಖೈರುನ್ನೀಸಾ ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿದ್ದಳು. ಒಳಗೆ ಹೋದಳು, ಒಂದು ತಟ್ಟೆಯಲ್ಲಿ ಎರಡು ರೊಟ್ಟಿ ತಂದು ಹೊಸ್ತಿಲ ಒಳಗಿನಿಂದಲೇ ಕಟ್ಟೆಯ ಮೇಲೆ ಸರಿಸಿದಳು. ಶನಿವಾರಕ್ಕೆ ಇನ್ನೂ ಆರು ದಿನ ಇತ್ತು. ಕರಿಯ ಕಾಯಲಿಲ್ಲ.

“ಕೆಲಸ ಹೋಯ್ತು, ಓಣಿ ಹೋಯ್ತು,” ಎಂದಳು. “ಇನ್ನು ಅದು ತಿಂದ ಮ್ಯಾಲೆ ಎಲ್ಲಾದ್ರೂ ಬಿಟ್ಟು ಬಂದು, ಕೈಕಾಲು ತೊಳ್ಕೊಂಡು ಒಳಗೆ ಬರ್ರಿ.”

ಮಕ್ತುಮ್ ಸಾಬ್ ಉಳಿದ ರೊಟ್ಟಿಯನ್ನು ಎರಡು ಪಾಲು ಮಾಡಿದ. ದೊಡ್ಡ ಪಾಲನ್ನು ನಾಯಿಯ ಮುಂದೆ, ನಾಲ್ಕು ಬೆರಳು ಹತ್ತಿರಕ್ಕೇ ಇಟ್ಟ.

“ಇದನ್ನ ಬಿಟ್ಟು ಬರಲ್ಲ,” ಎಂದ.