ಮನೆ ಬಾಗಿಲಿಗೆ ಓಡುವ ಅಕ್ಷರ

ದರ್ಜಿಯ ಅಂಗಿಗೆ ಗುಂಡಿ ಇರುವುದಿಲ್ಲ, ಅಡುಗೆಯವನ ಮನೆಯಲ್ಲಿ ಸಾರಿಗೆ ಉಪ್ಪಿರುವುದಿಲ್ಲ ಎಂದು ಜನ ಹೇಳುತ್ತಾರೆ. ಅದು ಸೋಮಾರಿತನ, ಕ್ಷಮಿಸಬಹುದು. ನನ್ನ ಕಥೆ ಅದಲ್ಲ. ಊರ ಬೋರ್ಡುಗಳನ್ನೆಲ್ಲ ಬರೆಯುವ ನಾನು ನನ್ನ ಮನೆ ಬಾಗಿಲಿಗೊಂದು ಹೆಸರು ಬರೆಯಲು ಬೆವರು ಸುರಿಸಿ ದುಡಿದು, ಕಷ್ಟಪಟ್ಟು ಸೋತಿದ್ದೇನೆ.

ನನ್ನ ಕೈಗೆ ಬರುವುದು ಒಂದೇ ಅಕ್ಷರ. ದಪ್ಪ ಮೈ, ಬಲಕ್ಕೆ ವಾಲಿದ ನಿಲುವು, ತುದಿಯಲ್ಲಿ ಬಾಲವಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಕಂಪ್ಯೂಟರಿನವರು ಇದನ್ನು ಬೋಲ್ಡ್ ಇಟಾಲಿಕ್ ಎಂದು ಕರೆದು, ನೆಟ್ಟಗೆ ನಿಂತ ಅಕ್ಷರವನ್ನು ಒಂದು ಗುಂಡಿ ಒತ್ತಿ ತಳ್ಳಿಬಿಡುತ್ತಾರೆ. ಹಾಗೆ ತಳ್ಳಿಸಿಕೊಂಡ ಸೊನ್ನೆಯ ಒಂದು ಮಗ್ಗುಲು ಹಲ್ಲುನೋವಿನವನ ಕೆನ್ನೆಯಂತೆ ಊದಿಕೊಳ್ಳುತ್ತದೆ. ನಾನು ಆ ಊತ ಇಳಿಸುತ್ತೇನೆ, ಗೆರೆಗೆ ಗೆರೆ ಕೂಡುವಲ್ಲಿ ಮೈ ಸಣ್ಣ ಮಾಡುತ್ತೇನೆ, ಅಕ್ಷರದ ಹೊಟ್ಟೆಯೊಳಗೆ ಗಾಳಿಯಾಡಲು ಜಾಗ ಬಿಡುತ್ತೇನೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಇದನ್ನು ಕಲಿಸಿದ್ದು ನನ್ನ ಕಣ್ಣು. ಟೈರಿನ ಅಂಗಡಿ, ಕೊರಿಯರ್ ಆಫೀಸು, ಜಿಮ್ಮು, ಹೈದರಾಬಾದಿನ ಜೀಡಿಮೆಟ್ಲಾದ ಲಾರಿಗಳ ಬೆನ್ನು, ಎಲ್ಲ ಕಡೆ ಅದೇ ಅಕ್ಷರ. ಸ್ಕೂಟರಿನಲ್ಲಿ ಹೋಗುವವನ ಜೊತೆ ತಾನೂ ನಾಲ್ಕು ಹೆಜ್ಜೆ ಓಡಿ, ಅಂಗಡಿಯ ಹೆಸರು ಹೇಳಿಯೇ ಹಿಂದೆ ನಿಲ್ಲುತ್ತದೆ. ಒಮ್ಮೆ ಮಾತ್ರ ಎಡವಟ್ಟಾಯಿತು. ತೀರಿಕೊಂಡ ಹಿರಿಯರೊಬ್ಬರ ಶ್ರದ್ಧಾಂಜಲಿ ಬೋರ್ಡನ್ನೂ ಅದರಲ್ಲೇ ಬರೆದುಕೊಟ್ಟೆ. ಅವರ ಮಗ ನೋಡಿ, “ಮಾ ನಾನ್ನ ಇಂತ ತೊಂದರಗಾ ಪೋಲೇದು ಅನ್ನಾ” ಎಂದು ಅತ್ತೇಬಿಟ್ಟ. ಅವರಪ್ಪ ಇಷ್ಟೊಂದು ಅವಸರದಲ್ಲಿ ಹೋಗಲಿಲ್ಲವಂತೆ.

ಆಗಲೇ ಎಚ್ಚರವಾಗಬೇಕಿತ್ತು. ಆಗಲಿಲ್ಲ.

ನನ್ನ ಹೆಂಡತಿ ನೀಲಮ್ಮ ಕಲಬುರಗಿ ಕಡೆಯವಳು. ಮದುವೆಯಾಗಿ ಹೈದರಾಬಾದಿಗೆ ಬಂದಾಗಿನಿಂದ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆ ಕಟ್ಟುವುದು, ಬಿಚ್ಚುವುದು, ಇದೇ ಅವಳ ಸಂಸಾರ. ಒಂದು ಟ್ರಂಕನ್ನಂತೂ ‘ಹೆಂಗೂ ಮತ್ತ ಕಟ್ಟೂದೈತಿ’ ಎಂದು ಬಿಚ್ಚಿದ್ದೇ ಇಲ್ಲ. ಈಗ ಮಿಯಾಪುರದಲ್ಲಿ ಎರಡು ಕೋಣೆಯ ಸ್ವಂತ ಮನೆಯಾಯಿತು. ಬಂದ ದಿನವೇ ಹೇಳಿದಳು: “ಬಾಗಲಕ್ಕ ಕನ್ನಡದಾಗ ಬೋರ್ಡ್ ಬರೀರಿ. ಇಬ್ಬರದೂ ಹೆಸರು ಇರಲಿ. ಆಮ್ಯಾಲ ಟ್ರಂಕ್ ಬಿಚ್ಚತೀನಿ.”

ಬರೆದೆ. ‘ನೀಲಮ್ಮ ಶರಣಪ್ಪ’. ತಲೆಕಟ್ಟುಗಳೆಲ್ಲ ಗಾಳಿಗೆ ಸಿಕ್ಕ ಟೋಪಿಯಂತೆ ವಾಲಿ ಬಲು ಸೊಗಸಾಗಿ ಬಂದಿದ್ದವು. ನೀಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

“ಏನ್ರೀ, ಹೆಸರು ಬರದೀರೋ, ಬಸ್ಸು ಹಿಡಿಯಾಕ ಓಡಾಕತ್ತೀವೋ?”

“ಯಾಕ, ಚಂದಿಲ್ಲೇನು?”

“ಭಾಳ ಚಂದ ಐತ್ರಿ. ಆದ್ರ ಇದು ಹೋಗೋ ಮಂದಿ ಅಕ್ಷರ. ಹೋಗಿದ್ದು ಸಾಕಾತು. ನನಗ ಇರೋ ಮಂದಿ ಅಕ್ಷರ ಬೇಕು.”

ಹೆಂಗಸರಿಗೆ ಅಕ್ಷರದ ವಿಷಯ ತಿಳಿಯದು ಎಂದುಕೊಂಡು ಬೋರ್ಡನ್ನು ಬಾಗಿಲಿಗೆ ತೂಗುಹಾಕಿದೆ. ಮರುದಿನ ಮೇಲಿನ ಮಹಡಿಯ ಯುವಕ ಬೆಲ್ ಒತ್ತಿದ. ಕನ್ನಡ ಓದಲು ಬಾರದವನಿಗೆ ಕಾಣುವುದು ಅಕ್ಷರದ ನಡಿಗೆಯೊಂದೇ ತಾನೆ? “ಅಂಕಲ್, ಜಿಮ್ ಕಿತ್ನೇ ಬಜೇ ಖುಲ್ತಾ?” ಎಂದು ಜಿಮ್ಮು ತೆರೆಯುವ ಹೊತ್ತು ಕೇಳಿದ. ಒಳಗಿದ್ದ ನೀಲಮ್ಮ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನೆಟ್ಟಗೆ ಬರೆಯಲು ಕೂತೆ. ಇಷ್ಟು ವರ್ಷ ವಾಲಿದ ಕೈ ಒಪ್ಪಲಿಲ್ಲ. ‘ನೀ’ ನೆಟ್ಟಗೆ ನಿಂತರೆ ‘ಲ’ ಒಂದು ಕಾಲು ಮುಂದಿಡುತ್ತಿತ್ತು, ‘ಮ್ಮ’ ಬರುವಷ್ಟರಲ್ಲಿ ಓಟ ಶುರು. ಇಲ್ಲೇ ಮನೆ ಕಟ್ಟುವ ಕೆಲಸಕ್ಕಿದ್ದ ನಮ್ಮೂರ ಗೌಂಡಿಯೊಬ್ಬನಿಂದ ತೂಗುಗುಂಡು ಇಸಿದುಕೊಂಡು ಬಂದು, ದಾರ ಇಳಿಬಿಟ್ಟು ಬರೆದೆ. ಅಕ್ಷರಗಳು ಗುಮಾಸ್ತನ ಮುಂದೆ ಕೈಕಟ್ಟಿ ನಿಂತವರಂತೆ ಬಿಳಚಿಕೊಂಡವು. ಅಳಿಸಿದೆ. ಬರೆದೆ. ಅಳಿಸಿದೆ. ಕಡೆಗೆ ನೀಲಮ್ಮ ಕನಿಕರದಿಂದ, “ಹೋಗ್ಲಿ ಬಿಡ್ರಿ, ಕಂಪ್ಯೂಟರಿನ್ಯಾಗ ಪ್ರಿಂಟ್ ಮಾಡಿಸ್ರಿ” ಎಂದಳು. ಅಂಥ ಮಾತು ನನ್ನ ವೈರಿಗಳೂ ಆಡಿಲ್ಲ. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಬುದ್ಧಿ ಹೊಳೆದದ್ದು ಹಸಿದ ಹೊಟ್ಟೆಯಲ್ಲೇ. ಅಕ್ಷರ ಬಲಕ್ಕೆ ವಾಲಿದ್ದರೆ ಬೋರ್ಡನ್ನೇ ಎಡಕ್ಕೆ ವಾಲಿಸಬಾರದೇಕೆ? ನನ್ನ ಕೈಯ ಅಕ್ಷರದಲ್ಲೇ ಇನ್ನೊಮ್ಮೆ ಬರೆದು, ಬೋರ್ಡಿನ ಬಲತುದಿ ಎತ್ತಿ ತೂಗುಹಾಕಿದೆ. ಅಕ್ಷರಗಳು ನೆಟ್ಟಗೆ ನಿಂತವು! ಸಾಲು ಮಾತ್ರ ಏಣಿ ಹತ್ತುತ್ತಿತ್ತು. ನೀಲಮ್ಮ ನೋಡಿ, “ನಿಂತಾವ” ಎಂದಳು. ನನಗಷ್ಟೇ ಸಾಕಿತ್ತು.

ಆದರೆ ಹೊಸ ಬಾಗಿಲಿಗೆ ಒಂದೇ ಮೊಳೆ ಎಂದು ಅವಳ ಅಪ್ಪಣೆ. ಒಂದೇ ಮೊಳೆಯ ಬೋರ್ಡು ಸೊಟ್ಟಗಿದ್ದರೆ ಸಂಭಾವಿತರು ಸುಮ್ಮನೆ ಹೋಗುತ್ತಾರೆಯೇ? ನಾನು ಸೊಟ್ಟ ಮಾಡಿಟ್ಟು ಹೋಗುವುದು, ಸಂಜೆ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ನೆಟ್ಟಗೆ ಮಾಡಿ ನಮ್ಮಿಬ್ಬರನ್ನೂ ಮತ್ತೆ ಓಡಿಸಿರುವುದು. ಹಾಲಿನವನನ್ನು ಶಂಕಿಸಿದೆ, ಗ್ಯಾಸಿನವನನ್ನು ಗದರಿದೆ, ಜಿಮ್ಮಿನ ಯುವಕನ ಜೊತೆ ಮಾತು ಬಿಟ್ಟೆ. ಟ್ರಂಕು ಹಾಗೇ ಮಂಚದಡಿ ಇತ್ತು.

ಮೊನ್ನೆ ಸಂಜೆ ಸಿಕಂದರಾಬಾದಿನಲ್ಲಿ ಕೆಲಸ ಮುಗಿಸಿ ಮೆಟ್ಟಿಲು ಹತ್ತಿ ಬಂದೆ. ನೀಲಮ್ಮ ಥಟ್ಟನೆ ಬಾಗಿಲು ತೆರೆದಳು.

“ಸಿಕ್ಕ ನೋಡ್ರಿ ಕಳ್ಳ.”

“ಎಲ್ಲಿ? ಯಾರವ?”

“ನಿಮ್ಮ ಕೈ ನೋಡ್ಕೋರಿ.”

ನನ್ನ ಕೈ ಬೋರ್ಡಿನ ಮೂಲೆಯ ಮೇಲಿತ್ತು. ಸೊಟ್ಟಗಿರುವ ಬೋರ್ಡು ಕಂಡರೆ ತಾನಾಗಿ ಏಳುವ ಕೈ. ನನ್ನನ್ನು ಕೇಳದೆ ಕೆಲಸ ಮುಗಿಸಿತ್ತು. ಎಷ್ಟು ದಿನದಿಂದಲೋ ದೇವರೇ ಬಲ್ಲ.

“ಒಳಗ ಬರ್ರಿ,” ಎಂದಳು ನೀಲಮ್ಮ. “ಹೆಸರು ಓಡಿದ್ರ ಓಡ್ಲಿ, ನೀವರ ಒಂದ್ ಕಡಿ ಕೂಡ್ರಿ.” ಹೇಳಿ, ಮಂಚದಡಿಯಿಂದ ಟ್ರಂಕನ್ನು ಎಳೆದಳು.

ಕೂತೆ. ಎದುರಿನ ಗೋಡೆಯ ಕ್ಯಾಲೆಂಡರು ಕೂದಲೆಳೆಯಷ್ಟು ಸೊಟ್ಟಗಿತ್ತು. ಎದ್ದೆ.