ಗಡ್ಡ ಹೋದ ಮಧ್ಯಾಹ್ನ

ಸೈನಿಕ ತರಬೇತಿ ಶಿಬಿರದ ಕ್ಷೌರಿಕನನ್ನು ಎಲ್ಲರೂ ಕತ್ತರಿಯಣ್ಣ ಎಂದೇ ಕರೆಯುತ್ತಿದ್ದರು. ಅವನಿಗೆ ಅಂದು ಬೇಕಾಗಿದ್ದುದು ರಜೆಯ ಚೀಟಿಯ ಮೇಲೊಂದು ಸಹಿ. ಸಂಜೆ ಪೇಟೆಯ ಶಾಲೆಯಲ್ಲಿ ಮಗಳ ನಾಟಕ. ಅವಳದು ಮರದ ಪಾತ್ರ. ಮಾತಿಲ್ಲ, ಗಾಳಿ ಬೀಸಿದಾಗ ಅಲುಗಾಡಬೇಕು, ಅಷ್ಟೆ. ಹೋದ ವರ್ಷ ಅವಳು ಬಂಡೆಯಾಗಿದ್ದಾಗಲೂ ಅಪ್ಪ ಹೋಗಿರಲಿಲ್ಲ. ಈ ಸಲ ತಪ್ಪಿಸಿದರೆ ಮನೆಗೇ ಬರಬೇಡಿ ಎಂದು ಹೆಂಡತಿ ಹೇಳಿದ್ದಳು. ಮಗಳು ಏನೂ ಹೇಳಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ಸಹಿ ಹಾಕಬೇಕಾದವರು ಡ್ರಿಲ್ ಮೇಷ್ಟ್ರು. "ಹುಡುಗರು ತಿಂಗಳುಗಟ್ಟಲೆ ಕಾಡಲ್ಲಿದ್ದು ಕರಡಿಗಳಾಗಿ ಬಂದಿದಾರೆ. ನಾಳೆ ತಪಾಸಣೆ. ಒಂದು ಗಲ್ಲದ ಮೇಲೂ ಕೂದಲು ಕಾಣಬಾರದು. ಮುಗಿಸು, ಸಂಜೆ ಬಸ್ಸು ಹತ್ತು," ಎಂದಿದ್ದರು.

ಅದೇ ಬೆಳಿಗ್ಗೆ ಶಿಬಿರಕ್ಕೆ ಹೊಸ ಕನ್ನಡಕಗಳು ಬಂದಿದ್ದವು. ಹಾಕಿಕೊಂಡರೆ ಎದುರಿಗಿರುವ ನಿಜವಾದ ಬಯಲಿನಲ್ಲಿ ಇಲ್ಲದ ಶತ್ರುಗಳು ಓಡಾಡುವುದು ಕಾಣುತ್ತದೆ. ನಮ್ಮವರ ಮುಖದ ಸುತ್ತ ಹಸಿರು ಚೌಕಟ್ಟು, ಶತ್ರುವಿನ ಸುತ್ತ ಕೆಂಪು. ಬಂದೂಕಿನಲ್ಲಿ ಗುಂಡಿಲ್ಲ, ಬರೀ ಬೆಳಕು. ಅದು ತಾಗಿದರೆ ಕನ್ನಡಕ ಕಪ್ಪಾಗಿ, ‘ನೀವು ಸತ್ತಿದ್ದೀರಿ, ದಯವಿಟ್ಟು ಮಲಗಿ’ ಎಂದು ಹೆಣ್ಣುದನಿಯೊಂದು ಮರ್ಯಾದೆಯಿಂದ ಹೇಳುತ್ತದೆ. ಕನ್ನಡಕ ತಂದ ಎಂಜಿನಿಯರು ಶಿಬಿರದಲ್ಲಿ ಉಸಿರಾಡುವವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕನ್ನಡಕಕ್ಕೆ ಗುರುತು ಸಿಗಲೆಂದು ಮುಖದ ಫೋಟೊ ತೆಗೆದುಕೊಂಡರು. ಕರಡಿಗಳದ್ದೂ ಆಯಿತು, ಕತ್ತರಿಯಣ್ಣನದ್ದೂ ಆಯಿತು.

ಫೋಟೊ ಮುಗಿಸಿದವರು ಒಬ್ಬೊಬ್ಬರಾಗಿ ಅವನ ಕುರ್ಚಿಗೆ ಬಂದರು. ಯಾರೂ ಕರೆಯದಿದ್ದರೂ ಅಡುಗೆಯವನು ಸಾರಿನ ಹಂಡೆಯಲ್ಲೇ ನೀರು ಕಾಯಿಸಿ ತಂದು, "ಆ ಕಿವಿ ಹತ್ರ ಇನ್ನೂ ಇದೆ ನೋಡು. ಮೇಷ್ಟ್ರ ಕಣ್ಣು ಹದ್ದಿನ ಕಣ್ಣು," ಎಂದು ಪಕ್ಕದಲ್ಲೇ ನಿಂತ. ಕತ್ತರಿಯಣ್ಣನ ಕೈ ಯಂತ್ರದಂತೆ ಓಡಿತು. ಊಟದ ಗಂಟೆ ಹೊಡೆಯುವುದರೊಳಗೆ ಕರಡಿಗಳೆಲ್ಲ ಸುಲಿದ ಮೊಟ್ಟೆಗಳಾಗಿದ್ದವು.

ಕೊನೆಗೆ ಮೇಷ್ಟ್ರೇ ಮೀಸೆಯ ತುದಿ ಕತ್ತರಿಸಿಕೊಳ್ಳಲು ಬಂದು ಕೂತರು. ಕೂತವರು ನಿದ್ದೆ ಹೋದರು. "ಎಡಗಡೆ ಉದ್ದ ಆಯ್ತು," ಎಂದ ಅಡುಗೆಯವನು. ಕತ್ತರಿಯಣ್ಣ ಎಡಗಡೆ ಕತ್ತರಿಸಿದ. "ಈಗ ಬಲಗಡೆ." ಕೋತಿ ಬೆಣ್ಣೆ ಹಂಚಿದ ಹಾಗೆ ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ಹೋಗಿ, ಕಡೆಗೆ ಹಂಚಲು ಏನೂ ಉಳಿಯಲಿಲ್ಲ.

ಮೇಷ್ಟ್ರು ಎದ್ದು ಮೂಗಿನ ಕೆಳಗೆ ಕೈಯಾಡಿಸಿದರು.

"ಒಂದು ಗಲ್ಲದ ಮೇಲೂ ಕೂದಲು ಕಾಣಬಾರದು ಅಂದಿದ್ರಿ, ಸಾರ್," ಎಂದ ಕತ್ತರಿಯಣ್ಣ.

"ಸಹಿ ತಾನೆ? ಹಾಕ್ತೀನಿ. ಮೈದಾನದ ಕೆಲಸ ಮುಗೀಲಿ," ಎಂದು ಹೊರಟರು. ಕತ್ತರಿಯಣ್ಣ ಚೀಟಿಯನ್ನು ಮಡಚಿ ಮತ್ತೆ ಜೇಬಿಗಿಟ್ಟ.

ಊಟವಾಗಿ ಅಭ್ಯಾಸ ಶುರುವಾಯಿತು. ಇತ್ತ ಗೇಟಿನಲ್ಲಿ ಬಸ್ಸು ಬಂದು ನಿಂತಿತು. ತಡೆಯಲಾರದೆ ಅವನು ಚೀಟಿ ಹಿಡಿದು ಮೈದಾನಕ್ಕೇ ಓಡಿದ. ಎಂಜಿನಿಯರು ತಡೆದು, "ಕನ್ನಡಕ ಇಲ್ದೆ ಒಳಗೆ ಬಿಡಲ್ಲ," ಎಂದು ಅವನ ಮೂಗಿಗೂ ಒಂದನ್ನು ಏರಿಸಿದರು.

ಒಳಗೆ ನೋಡಿದರೆ ಎಲ್ಲೆಲ್ಲೂ ಕೆಂಪು. ಪೊದೆಯ ಹಿಂದೆ ಕೆಂಪು, ಗುಂಡಿಯಲ್ಲಿ ಕೆಂಪು. ಕನ್ನಡಕ ಬಾಯಿಪಾಠ ಮಾಡಿದ್ದುದು ಗಡ್ಡಗಳನ್ನು. ಈ ನುಣ್ಣನೆಯ ಮುಖಗಳು ಅದಕ್ಕೆ ಗೊತ್ತೇ ಇರಲಿಲ್ಲ. ಹುಡುಗರು ಪಕ್ಕದಲ್ಲಿದ್ದವನನ್ನೇ ಶತ್ರುವೆಂದು ಹೊಡೆದರು, ಹೊಡೆದವನನ್ನು ಹಿಂದಿದ್ದವನು ಹೊಡೆದ. ‘ನೀವು ಸತ್ತಿದ್ದೀರಿ, ದಯವಿಟ್ಟು ಮಲಗಿ’ ಎಂಬ ದನಿ ಮೈದಾನದ ತುಂಬ ಕೇಳಿಸಿತು. ಕತ್ತರಿಯಣ್ಣನನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಊರಿಗೆಲ್ಲ ಕ್ಷೌರ ಮಾಡಿದರೂ ತನ್ನ ಗಡ್ಡಕ್ಕೆ ಬಿಡುವಿಲ್ಲದವನು ಅವನು; ಬೆಳಗಿನ ಮುಖವೇ ಇನ್ನೂ ಇತ್ತು, ಅದರ ಸುತ್ತ ಹಸಿರು ಚೌಕಟ್ಟು.

ಅವನು ಹೆಣಗಳನ್ನು ದಾಟಿಕೊಂಡು ಮೇಷ್ಟ್ರನ್ನು ಹುಡುಕಿದ. ಅವರು ಬೇಲಿಯ ಪಕ್ಕ ಅಂಗಾತ ಮಲಗಿದ್ದರು.

"ಸಾರ್, ಒಂದು ಸಹಿ."

"ನಾನು ಸತ್ತಿದೀನಿ," ಎಂದರು ಮೇಷ್ಟ್ರು, ಕಣ್ಣು ಬಿಡದೆ. "ಸತ್ತೋರು ಸಹಿ ಹಾಕಿದ್ದು ಎಲ್ಲಾದ್ರೂ ಕೇಳಿದೀಯಾ? ಕರ್ನಲ್ ಸಾಹೇಬರನ್ನ ಕೇಳು."

ಕರ್ನಲ್ ಸಾಹೇಬರು ಅಟ್ಟಣೆಯ ಮೇಲಿಂದ ಎಲ್ಲ ನೋಡುತ್ತಿದ್ದರು. ಕೆಳಗಿಳಿದು ಬಂದು, ಎಂಜಿನಿಯರ ಕಡೆ ಒಮ್ಮೆ ಗುರುಗುಟ್ಟಿ ನೋಡಿ, ಕತ್ತರಿಯಣ್ಣನ ಭುಜ ತಟ್ಟಿದರು.

"ಇಡೀ ತುಕಡೀಲಿ ಬದುಕಿ ಉಳಿದೋನು ನೀನೊಬ್ಬನೇ. ಅದೂ ಆಯುಧ ಇಲ್ದೆ. ಭೇಷ್."

ಕತ್ತರಿಯಣ್ಣ ಚೀಟಿ ಚಾಚಿದ. ಸಾಹೇಬರು ಓದಿದರು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು.

"ನನ್ನ ಶಿಬಿರದಲ್ಲಿ ಅಭ್ಯಾಸ ಅಂದ್ರೆ ಯುದ್ಧಾನೇ ಕಣಪ್ಪ. ಸತ್ತೋರಿಗೆ ಡ್ಯೂಟಿ ಇಲ್ಲ, ನಾಳೆ ಬೆಳಿಗ್ಗೆವರೆಗೂ ರಜ. ಉಳಿದೋರು ಶಿಬಿರ ಕಾಯಬೇಕು. ಈ ನಿಯಮ ಮಾಡಿದ್ದು ನಾನೇ, ನಾನೇ ಮುರಿಯೋಕಾಗುತ್ತಾ?"

ಸತ್ತವರೆಲ್ಲ ಮೈ ಕೊಡವಿ ಎದ್ದರು. ನುಣುಪು ಗಲ್ಲಗಳನ್ನು ಸವರಿಕೊಳ್ಳುತ್ತ ಬಸ್ಸು ಹತ್ತಿದರು. ಉಣ್ಣುವವರೇ ಇಲ್ಲವೆಂದು ಅಡುಗೆಯವನೂ ಹತ್ತಿದ. ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ, ಕೋಪ ಅರ್ಧ ಇಳಿದ ದನಿಯಲ್ಲಿ, "ನಿನ್ನ ಮಗಳ ಶಾಲೆ ಎಲ್ಲಿ ಅಂದೆ? ಈ ಮುಖ ಇಟ್ಕೊಂಡು ನಾನು ಮನೆಗಂತೂ ಹೋಗೋ ಹಾಗಿಲ್ಲ," ಎಂದು ಕೇಳಿದರು. ಅವನು ದಾರಿ ಹೇಳಿಕೊಟ್ಟ. ಬಸ್ಸು ತಿರುವು ದಾಟುವವರೆಗೂ ನೋಡುತ್ತ ನಿಂತ, ಅವನಿಗೆ ಅಳು ಬಂತು.

ಕತ್ತಲಾಗುವ ಹೊತ್ತಿಗೆ ಗೇಟಿನ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಹೆಂಡತಿ ಫೋನನ್ನು ನೇರ ಮಗಳ ಕೈಗೆ ಕೊಟ್ಟಳು.

"ಅಪ್ಪಾ, ಮುಂದಿನ ಸಾಲು ಪೂರ್ತಿ ನಿಮ್ಮೋರೇ. ನಾನು ಅಲುಗಾಡಿದಾಗೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಮೀಸೆ ಇಲ್ದಿರೋ ಒಬ್ಬರು ಅತ್ತೇಬಿಟ್ರು. ಎಲ್ಲಾರೂ ಸತ್ತು ಬಂದಿದೀವಿ ಅಂದ್ರು. ನೀನೊಬ್ಬನೇ ಯಾಕೆ ಬರ್ಲಿಲ್ಲ?"

"ಏನ್ಮಾಡ್ಲಿ ಮರಿ, ಬದುಕಿಬಿಟ್ಟೆ."

"ಹೋಗ್ಲಿ ಬಿಡು. ಮುಂದಿನ ವರ್ಷ ನೀನೂ ಅವರ ಜೊತೆ ಸತ್ತು ಬಾ ಅಪ್ಪ. ನಾನು ಮೋಡ ಆಗ್ತೀನಂತೆ."