ದುಂಡೇಶನ ಎರಡು ಬೂಷ್ಟು

ಅಕ್ಕನ ಮದುವೆಗೆಂದು ಬಾದಾಮಿಗೆ ಹೊರಟಾಗ ದುಂಡೇಶ ಮಾಡಿದ ತಪ್ಪು ಒಂದೇ. ಎಮ್ಮೆಸ್ಸಿ ಪ್ರಾಜೆಕ್ಟಿಗಾಗಿ ಸಾಕಿದ್ದ ಎರಡು ಡಬ್ಬಿ ಲೋಳೆಬೂಷ್ಟು, ಅಂದರೆ ಸ್ಲೈಮ್ ಮೋಲ್ಡನ್ನು, ಗೋವಿಂದರಾಜನಗರದ ಮನೆ ಓನರುಗಳಿಗೆ ಒಪ್ಪಿಸಿ ಹೋದ. ಒಂದು ಕಲಾವತಮ್ಮನಿಗೆ, ಇನ್ನೊಂದು ಪಕ್ಕದ ಅರ್ಧಮನೆಯ ಜಲಜಮ್ಮನಿಗೆ. ಇಬ್ಬರೂ ವಾರಗಿತ್ತಿಯರು, ಮನೆ ಪಾಲಾದಂದಿನಿಂದ ಮಾತಿಲ್ಲ. ಎರಡನ್ನೂ ಒಬ್ಬರಿಗೇ ಕೊಟ್ಟಿದ್ದರೆ ಇನ್ನೊಬ್ಬರು ಅವನ ರೂಮಿನ ನೀರು ನಿಲ್ಲಿಸುತ್ತಿದ್ದರು.

ಎರಡೂ ಹಳದಿ, ಎರಡೂ ಓಟ್ಸ್ ತಿಂದು ಮೆಲ್ಲಗೆ ತೆವಳುವ ಜೀವಗಳು. ನೋಡಲು ಒಂದೇ ಥರ ಇದ್ದರೂ ಬೇರೆ ಬೇರೆ ಪ್ರಭೇದ ಎಂಬುದು ದುಂಡೇಶನ ವಾದ. ಒಂದೇ ಆಗಿದ್ದರೆ ಎದುರಾದಾಗ ಕೂಡಿಕೊಳ್ಳುತ್ತವೆ, ಬೇರೆಯಾದರೆ ಮುಖ ತಿರುಗಿಸುತ್ತವೆ. ಅದನ್ನು ಕಣ್ಣಾರೆ ನೋಡಲು ಗೈಡ್ ಶಿವಬಸಪ್ಪನವರು ಅವನು ಊರಿಂದ ಮರಳುವ ದಿನವೇ ಸಂಜೆ ಮನೆಗೆ ಬರುವವರಿದ್ದರು. ಒಪ್ಪಿದರೆ ಡಿಗ್ರಿ, ಇಲ್ಲವಾದರೆ ಇನ್ನೊಂದು ವರ್ಷ ಮಣ್ಣು ಹೊರಬೇಕು.

ಬೆಳಿಗ್ಗೆ ಬಸ್ಸಿಳಿದವನೇ ಡಬ್ಬಿ ಈಸಿಕೊಂಡು, ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು, ಬೆಳಕು ಬೀಳದಂತೆ ಮುಚ್ಚಿ, ಮೆಟ್ಟಿಲ ಮೇಲೆ ಕಾವಲು ಕೂತ. ಕೆಳಗಿನ ಮೆಟ್ಟಿಲಲ್ಲಿ ವಾರಗಿತ್ತಿಯರು ನಡುವೆ ಒಂದಾಳಿನ ಜಾಗ ಬಿಟ್ಟು ಬಂದು ಕೂತರು.

"ಚಿಂತೆ ಬಿಡು ಗುರು, ಈ ಮನೇಲಿ ಯಾವ್ದೂ ಒಂದಕ್ಕೊಂದು ಸೇರಲ್ಲ," ಎಂದ ಎದುರುಮನೆ ಟೈಲರ್ ಬೈರಯ್ಯ.

"ನಿಮ್ಮ ಬಾಯಾಗ ಸಕ್ರಿ ಬೀಳ್ಲಿ, ಅಣ್ಣಾರ!" ಎಂದ ದುಂಡೇಶ.

ಸಂಜೆ ಶಿವಬಸಪ್ಪನವರು ಮಿಸ್ಡ್ ಕಾಲ್ ಕೊಟ್ಟು ಬಂದು, ಕನ್ನಡಕ ಮೇಲೇರಿಸಿ, ಮುಚ್ಚಳ ತೆಗೆದು ಬಗ್ಗಿದರು. ಒಂದೇ ತಟ್ಟೆಗೆ ಬಡಿಸಿದ ಎರಡು ಸೌಟು ಕೇಸರಿಭಾತಿನಂತೆ ಬೂಷ್ಟುಗಳು ಗುರುತು ಸಿಗದಷ್ಟು ಕೂಡಿಹೋಗಿದ್ದವು.

"ಒಂದೇ ಪ್ರಭೇದಾನ ಎರಡು ಡಬ್ಬಿಗೆ ಹಾಕಿ ನನ್ನ ಮಂಗ ಮಾಡ್ತೀಯೇನಯ್ಯಾ? ಮುಂದಿನ ವರ್ಷ ಬಾ!"

ಸ್ಕೂಟರಿನ ಹೊಗೆ ಕರಗುವವರೆಗೂ ದುಂಡೇಶ ತಲೆ ಮೇಲೆ ಕೈಹೊತ್ತು ಕೂತಿದ್ದ. ಆಗ ಜಲಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ತಪ್ಪು ತಿಳ್ಕೋಬೇಡಪ್ಪ. ಪಾಪ, ಬರೀ ಓಟ್ಸ್ ತಿಂದು ನಾಲಿಗೆ ಕೆಟ್ಟಿರುತ್ತೆ ಅಂತ ಒಂಚೂರು ಉಪ್ಪಿನಕಾಯಿ ಹಾಕ್ದೆ. ಸತ್ತೇ ಹೋಯ್ತು. ಡಬ್ಬಿ ತೊಳೆದು, ಕಲಾವತಕ್ಕನ ಹತ್ರ ಅವರ ಡಬ್ಬೀದೇ ಸ್ವಲ್ಪ ಹೆಪ್ಪು ಈಸ್ಕೊಂಡು ಬಂದೆ."

"ನಿಮ್ಮಿಬ್ರಿಗೂ ಮಾತ ಇರ್ಲಿಲ್ಲಲ್ರೀ!" ದುಂಡೇಶ ಚೀರಿದ.

"ಮಾತಿಲ್ದಿದ್ರೇನು? ಬಟ್ಲು ಹಿಡ್ಕೊಂಡು ಹೆಪ್ಪಿಗೆ ಬಂದೋಳ್ಗೆ ಇಲ್ಲ ಅನ್ನಕ್ಕಾಗುತ್ತಾ?" ಎನ್ನುತ್ತಾ ಕಲಾವತಮ್ಮ ಅವನ ಬೆನ್ನು ಸವರಿದರು. "ಅಳ್ಬೇಡ ಕಣೋ. ಆ ತಟ್ಟೇಲಿರೋದ್ರಲ್ಲೇ ನಿಂಗೂ ಒಂದ್ ಚಮಚ ಹೆಪ್ಪು ಹಾಕಿಡ್ತೀನಿ. ಬೆಳಿಗ್ಗೆ ಅಷ್ಟೊತ್ತಿಗೆ ಎರಡು ಡಬ್ಬೀನೂ ತುಂಬಿರುತ್ತೆ!"